ಹಳೇ ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ ಮತ್ತೆ ಜೀವ ಕೊಡೋದು: ಪವರ್‌ನಿಂದ ಶುರುಮಾಡಿ ಮೆಮರಿ ಅಪ್‌ಗ್ರೇಡ್ ತನಕ

ನಮ್ಮ ಚಿಕ್ಕಪ್ಪ 1984ರಲ್ಲಿ ಲೀಡ್ಸ್‌ನಿಂದ ವಾಪಸ್ ಬರೋವಾಗ ಸೂಟ್‌ಕೇಸಲ್ಲಿ ಸ್ವೆಟರ್ ಮಧ್ಯೆ ಸುತ್ತಿಟ್ಟು ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಒಂದು ರಬ್ಬರ್ ಕೀಲಿಗಳ ಕಂಪ್ಯೂಟರ್ ತಂದಿದ್ರು, ಆದ್ರೆ ಮೈಸೂರಿನ ಮನೇಲಿದ್ದ ಟೀವಿಗೆ ಯುಎಚ್‌ಎಫ್ ಟ್ಯೂನರ್ ಇರ್ಲಿಲ್ಲ, ಸ್ಪೆಕ್ಟ್ರಮ್ ಚಿತ್ರ ಕಳಿಸೋದು ಯುಎಚ್‌ಎಫ್ ಚಾನೆಲ್ 36ರ ಆಸುಪಾಸಿನಲ್ಲಿ. ಹಾಗಾಗಿ ಒಂದೆರಡು ಸಲ ಯಾರ್ದೋ ಮನೆ ಟೀವಿಲಿ ನೋಡಿದ್ದು ಬಿಟ್ರೆ ಅದು ಅಟ್ಟ ಸೇರ್ಬಿಡ್ತು. ಕೆಲವು ವರ್ಷದ ಹಿಂದೆ ಅಟ್ಟ ಕ್ಲೀನ್ ಮಾಡೋವಾಗ ನನ್ನ ಕೈಗೆ ಬಂತು. ಅಲ್ಲಿಂದ ಇಲ್ಲಿತನಕ ಅದನ್ನೂ ಸೇರಿಸಿ ನಾಲ್ಕು ಸ್ಪೆಕ್ಟ್ರಮ್ ರಿಪೇರಿ ಮಾಡಿದೀನಿ, ಆ ಕೆಲಸದಲ್ಲಿ ಕಲಿತಿದ್ದನ್ನ ಕ್ರಮವಾಗಿ ಬರೀತಾ ಇದೀನಿ, ಯಾಕಂದ್ರೆ ಕನ್ನಡದಲ್ಲಿ ಹುಡುಕಿದಾಗ ನನಗೆ ಏನೂ ಸಿಕ್ಕಿರ್ಲಿಲ್ಲ.

ಮೊದ್ಲು ಮಷೀನ್ ಬಗ್ಗೆ ಸ್ವಲ್ಪ, ಇದು ಗೊತ್ತಿದ್ರೆ ರಿಪೇರಿ ಅರ್ಧ ಆದ ಹಾಗೆ. ಕೇಂಬ್ರಿಜ್‌ನ ಸಿಂಕ್ಲೇರ್ ರಿಸರ್ಚ್ ಇದನ್ನ 1982ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡ್ತು, 16ಕೆ ಮಾಡೆಲ್‌ಗೆ 125 ಪೌಂಡ್, 48ಕೆಗೆ 175 ಪೌಂಡ್. ಆಗ ಬ್ರಿಟನ್ನಿನ ಶಾಲೆಗಳಲ್ಲಿದ್ದ ಬಿಬಿಸಿ ಮೈಕ್ರೋದ ಬಿ ಮಾಡೆಲ್ 399 ಪೌಂಡ್ ಇತ್ತು ಅಂದ್ರೆ ಎಷ್ಟು ಅಗ್ಗ ಅಂತ ನೋಡಿ. ಒಳಗೆ 3.5 ಮೆಗಾಹರ್ಟ್ಸ್ ಝಡ್80 ಪ್ರೊಸೆಸರ್, 16 ಕಿಲೋಬೈಟ್ ರಾಮ್ ಅಲ್ಲ ರೋಮ್, ಅದರಲ್ಲೇ ಬೇಸಿಕ್ ಭಾಷೆ, ಆಮೇಲೆ ಫೆರಾಂಟಿ ಕಂಪ್ನಿ ಮಾಡ್ಕೊಟ್ಟ ಯುಎಲ್‌ಎ ಅನ್ನೋ ಒಂದೇ ಒಂದು ಚಿಪ್. ಚಿತ್ರ, ಕೀಬೋರ್ಡ್, ಕ್ಯಾಸೆಟ್, ಸ್ಪೀಕರ್ ಎಲ್ಲಾ ಅದೇ ನೋಡ್ಕೊಳ್ಳತ್ತೆ. ಬೇರೆ ಕಂಪ್ಯೂಟರಲ್ಲಿ ಹತ್ತಾರು ಚಿಪ್ ಮಾಡೋ ಕೆಲಸ ಇಲ್ಲಿ ಒಂದರಲ್ಲಿ. ಕೀಬೋರ್ಡ್ ಅಂದ್ರೆ ರಬ್ಬರ್ ಹಾಳೆ, ಅದರ ಕೆಳಗೆ ಪ್ಲಾಸ್ಟಿಕ್ ಮೆಂಬ್ರೇನ್. 48ಕೆ ಮಾಡೆಲಿನ ಮೇಲ್ಗಡೆ 32ಕೆ ಮೆಮರಿಗೆ ಹಾಕಿದ್ದು ಏನು ಗೊತ್ತಾ, 64 ಕಿಲೋಬಿಟ್ ಚಿಪ್‌ಗಳಲ್ಲಿ ಅರ್ಧ ಭಾಗ ಫೇಲ್ ಆಗಿ ಕಂಪ್ನಿಗಳು ಕಡಿಮೆ ಬೆಲೆಗೆ ಕೊಡ್ತಿದ್ವಲ್ಲ ಅಂಥವು, ಸರಿಯಾಗಿರೋ ಅರ್ಧ ಮಾತ್ರ ಬಳಸೋ ಹಾಗೆ ಬೋರ್ಡ್ ಮೇಲೆ ಒಂದು ಲಿಂಕ್ ಇಟ್ರು. ನನಗೆ ಈ ಮಷೀನ್ ಮೇಲೆ ಪ್ರೀತಿ ಹುಟ್ಟಿದ್ದೇ ಈ ವಿಷಯ ಓದಿದಾಗ.

ನಾಲ್ಕು ಮಷೀನ್ ಬಿಚ್ಚಿದ ಮೇಲೆ ನನಗೆ ಖಾತ್ರಿ ಆಗಿದ್ದು ಇಷ್ಟು, ಎಲ್ಲೆಲ್ಲಿ ದುಡ್ಡು ಉಳಿಸಿದಾರೋ ಅಲ್ಲಲ್ಲೇ ಇವತ್ತು ಕೆಡ್ತಾ ಇರೋದು. ಪವರ್, ಮೆಂಬ್ರೇನ್, ಮೆಮರಿ, ವಿಡಿಯೋ. ಅಪ್‌ಗ್ರೇಡ್ ಮಾಡ್ಬೇಕಾಗಿರೋ ಜಾಗಗಳೂ ಇವೇ. ಆದ್ರೆ ಕ್ರಮ ಮುಖ್ಯ, ತುಂಬಾ ಜನ ಮೊದ್ಲು ಎಸ್‌ಡಿ ಕಾರ್ಡ್ ಇಂಟರ್‌ಫೇಸ್ ತರಿಸ್ಕೊಂಡು ಹಿಂದ್ಗಡೆ ಸಿಕ್ಕಿಸಿ ಆನ್ ಮಾಡ್ತಾರೆ, ಮಷೀನಲ್ಲಿ ಪವರ್ ಸರಿ ಇಲ್ದೇ ಇದ್ರೆ ಹೊಸಾ ಇಂಟರ್‌ಫೇಸೂ ಹೋಯ್ತು ಹಳೇ ಮಷೀನೂ ಹೋಯ್ತು.

ನಮ್ಮ ದೇಶದಲ್ಲಿ ಇದು ಸಿಗೋದು ಎರಡು ರೂಪದಲ್ಲಿ. ಒಂದು ನಮ್ಮ ಚಿಕ್ಕಪ್ಪನ ಥರ ಯಾರೋ ಹೊರಗಡೆಯಿಂದ ತಂದಿರೋ ರಬ್ಬರ್ ಕೀಲಿ ಮಾಡೆಲ್, ಇನ್ನೊಂದು 80ರ ದಶಕದ ಎರಡನೇ ಅರ್ಧದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಲೈಸೆನ್ಸ್ ತಗೊಂಡು ಇಲ್ಲೇ ಮಾರಿದ ಡಿಬಿ ಸ್ಪೆಕ್ಟ್ರಮ್. ಎರಡನೇದು 1984ರಲ್ಲಿ ಬಂದ ಸ್ಪೆಕ್ಟ್ರಮ್ ಪ್ಲಸ್ ಥರದ್ದು, ಗಟ್ಟಿ ಪ್ಲಾಸ್ಟಿಕ್ ಕೀಲಿಗಳು, ಪಕ್ಕದಲ್ಲಿ ರೀಸೆಟ್ ಬಟನ್. ಬಿಚ್ಚಿದ ಮೇಲೆ ಮೊದ್ಲು ನೋಡ್ಬೇಕಾದ್ದು ಬೋರ್ಡ್ ಮೇಲೆ ಪ್ರಿಂಟ್ ಆಗಿರೋ ಇಶ್ಯೂ ನಂಬರ್, ಅಂದ್ರೆ ಅದು ಎಷ್ಟನೇ ಆವೃತ್ತಿಯ ಬೋರ್ಡ್ ಅಂತ. ಹೆಚ್ಚಾಗಿ ಸಿಗೋದು ಇಶ್ಯೂ 2, 3 ಮತ್ತೆ ಅದರ ಮೇಲಿನವು. ಇಶ್ಯೂ 1ರಲ್ಲಿ ಮೇಲಿನ ಮೆಮರಿ ಬೇರೆ ಪುಟ್ಟ ಬೋರ್ಡ್ ಮೇಲೆ ಕೂರತ್ತೆ, ಹಾಗಾಗಿ ಕೆಳಗೆ ನಾನು ಹೇಳೋ ಮೆಮರಿ ಅಪ್‌ಗ್ರೇಡ್ ಅದಕ್ಕೆ ಅನ್ವಯಿಸಲ್ಲ. ಇನ್ನೊಂದು, ಇಶ್ಯೂ 2 ಬೋರ್ಡಲ್ಲಿ ಝಡ್80 ಚಿಪ್ಪಿನ ಕಾಲುಗಳ ಮೇಲೆ ಒಂದು ಟ್ರಾನ್ಸಿಸ್ಟರ್ ಜೇಡದ ಥರ ಕೂತಿರತ್ತೆ, ಯಾರೋ ಎಡವಟ್ಟು ರಿಪೇರಿ ಮಾಡಿದಾರೆ ಅಂದ್ಕೊಂಡು ಕಿತ್ತುಹಾಕ್ಬೇಡಿ, ಅದು ಫ್ಯಾಕ್ಟರಿಯಲ್ಲೇ ಹಾಕಿದ್ದು.

ಬಿಚ್ಚೋದು ಸುಲಭ, ರಬ್ಬರ್ ಮಾಡೆಲಲ್ಲಿ ಕೆಳಗಡೆ ಐದು ಸ್ಕ್ರೂ. ಆದ್ರೆ ಮೇಲಿನ ಮುಚ್ಚಳ ಪಟ್ ಅಂತ ಎತ್ತಬೇಡಿ. ಮುಚ್ಚಳಕ್ಕೂ ಬೋರ್ಡಿಗೂ ಮಧ್ಯೆ ಮೆಂಬ್ರೇನಿನ ಎರಡು ಪಟ್ಟಿ ಇರತ್ತೆ, ಒಂದರಲ್ಲಿ ಐದು ಗೆರೆ ಇನ್ನೊಂದರಲ್ಲಿ ಎಂಟು, ನಲವತ್ತು ವರ್ಷದಲ್ಲಿ ಅದು ಹಪ್ಪಳ ಆಗಿರತ್ತೆ, ಮಡಚಿದ್ರೆ ಸೀಳತ್ತೆ. ಮುಚ್ಚಳ ಒಂದಿಂಚು ಎತ್ತಿ, ಪಟ್ಟಿನ ಕನೆಕ್ಟರಿಂದ ನೇರವಾಗಿ ಮೇಲಕ್ಕೆ ನಿಧಾನಕ್ಕೆ ಎಳೀರಿ. ಬೋರ್ಡ್ ಆಚೆ ತೆಗೀಬೇಕಂದ್ರೆ ಮಧ್ಯದಲ್ಲಿ ಇನ್ನೊಂದು ಸ್ಕ್ರೂ ಇದೆ.

ಈಗ ಪವರ್. ಇದನ್ನ ಉದ್ದವಾಗಿ ಬರೀತೀನಿ, ಯಾಕಂದ್ರೆ ನಾನು ಒಂದು ಮಷೀನ್ ಕಳ್ಕೊಂಡಿದ್ದು ಇಲ್ಲೇ. ಸ್ಪೆಕ್ಟ್ರಮ್‌ಗೆ ಬೇಕಾಗಿರೋದು 9 ವೋಲ್ಟ್ ಡಿಸಿ, ಒರಿಜಿನಲ್ ಅಡಾಪ್ಟರ್ 1.4 ಆಂಪಿಯರ್. ಪಿನ್ನಿನ ಒಳಭಾಗ ಮೈನಸ್, ಹೊರಭಾಗ ಪ್ಲಸ್. ಇವತ್ತು ಮನೇಲಿ ಬಿದ್ದಿರೋ ರೌಟರ್ ಅಡಾಪ್ಟರ್‌ಗಳೆಲ್ಲ ಹೆಚ್ಚುಕಮ್ಮಿ ಇದಕ್ಕೆ ಉಲ್ಟಾ, ಒಳಗೆ ಪ್ಲಸ್. ಪಿನ್ ಸರಿಯಾಗಿ ಕೂತ್ಕೊಳ್ಳತ್ತೆ, 9 ವೋಲ್ಟ್ ಅಂತಾನೂ ಬರ್ದಿರತ್ತೆ, ಹಾಕಿದ್ರೆ ಮುಗೀತು. ನನ್ನ ಎರಡನೇ ಮಷೀನ್ ಸೆಕೆಂಡ್ ಹ್ಯಾಂಡ್ ಬಂದಾಗ ಅಡಾಪ್ಟರ್ ಇರ್ಲಿಲ್ಲ, ರಾತ್ರಿ ಹನ್ನೊಂದಕ್ಕೆ ಆತುರ ತಡೀಲಾರದೆ ರೌಟರಿಂದು ಸಿಕ್ಕಿಸ್ದೆ, ಒಂದು ಸಣ್ಣ ಟಿಕ್ ಸದ್ದು ಬಂತು ಅಷ್ಟೆ. ಟಿಆರ್4 ಟ್ರಾನ್ಸಿಸ್ಟರ್ ಹೋಗಿತ್ತು, ಜೊತೆಗೆ ಎರಡು ಮೆಮರಿ ಚಿಪ್ಪೂ. ಬೆಳಿಗ್ಗೆ ತನಕ ನಿದ್ದೆ ಬರ್ಲಿಲ್ಲ. ಆದ್ರಿಂದ ದಯವಿಟ್ಟು, ಮೊದ್ಲು ಮಲ್ಟಿಮೀಟರ್ ಹಿಡ್ದು ಪೋಲಾರಿಟಿ ನೋಡಿ, ಆಮೇಲೆ ಮಷೀನಿಗೆ ಸಿಕ್ಸಿ.

ಒರಿಜಿನಲ್ ಅಡಾಪ್ಟರ್ ಇದ್ರೂ ನಾನು ಬಳಸಲ್ಲ. ಅದರಲ್ಲಿ ರೆಗ್ಯುಲೇಶನ್ ಇಲ್ಲ, ಲೋಡ್ ಇಲ್ದೇ ಇರೋವಾಗ 12 ವೋಲ್ಟಿಗಿಂತ ಮೇಲೆ ಹೋಗತ್ತೆ. ಒಳಗಡೆ 7805 ಅನ್ನೋ ರೆಗ್ಯುಲೇಟರ್ ಅದನ್ನ 5 ವೋಲ್ಟಿಗೆ ಇಳಿಸ್ಬೇಕು, ಉಳಿದಿದ್ದೆಲ್ಲ ಬಿಸಿ ಆಗಿ ಹೋಗತ್ತೆ. ಲೆಕ್ಕ ಹಾಕಿ, 11 ವೋಲ್ಟ್ ಬಂದು 0.7 ಆಂಪಿಯರ್ ಹರೀತಿದ್ರೆ 6 ಇಂಟು 0.7, ನಾಲ್ಕು ವ್ಯಾಟಿಗಿಂತ ಜಾಸ್ತಿ ಬಿಸಿ ಆ ಪುಟ್ಟ ಡಬ್ಬಿಯೊಳಗೆ, ಫ್ಯಾನೂ ಇಲ್ಲ ಗಾಳಿ ಹೋಗೋಕೆ ಸರಿಯಾದ ಜಾಗಾನೂ ಇಲ್ಲ. ಅದಕ್ಕೇ ಆ ದೊಡ್ಡ ಅಲ್ಯುಮಿನಿಯಂ ತಗಡು ಒಳಗಿರೋದು. ಒಳ್ಳೇ ರೆಗ್ಯುಲೇಟೆಡ್ 9 ವೋಲ್ಟ್ 2 ಆಂಪಿಯರ್ ಎಸ್‌ಎಂಪಿಎಸ್ ಅಡಾಪ್ಟರ್ ತಗೊಂಡು, ಪಿನ್ ಕಟ್ ಮಾಡಿ ವೈರ್ ಅದಲುಬದಲು ಮಾಡಿ ಹೊಸಾ ಪಿನ್ ಹಾಕ್ಕೊಳ್ಳಿ, ಮೇಲೆ ಟೇಪ್ ಸುತ್ತಿ ಸ್ಪೆಕ್ಟ್ರಮ್‌ಗೆ ಮಾತ್ರ ಅಂತ ದಪ್ಪಗೆ ಬರೀರಿ, ಯಾಕಂದ್ರೆ ಈಗ ಅದು ನಿಮ್ಮ ರೌಟರಿಗೆ ಅಪಾಯ. ಅಡಾಪ್ಟರ್ ಡಬ್ಬಿ ಮಾತ್ರ ಬಿಚ್ಚಬೇಡಿ, ಅಲ್ಲಿ 230 ವೋಲ್ಟ್ ಇದೆ.

ಆಮೇಲೆ 7805 ತೆಗ್ದು ಅದೇ ಮೂರು ತೂತಿಗೆ ಕೂರೋ ಸ್ವಿಚಿಂಗ್ ರೆಗ್ಯುಲೇಟರ್ ಮಾಡ್ಯೂಲ್ ಹಾಕ್ಬಹುದು, 5 ವೋಲ್ಟ್ 1 ಆಂಪಿಯರಿಂದು. ನನ್ನ ಪ್ರಕಾರ ಸ್ಪೆಕ್ಟ್ರಮ್‌ಗೆ ಮಾಡೋ ಅಪ್‌ಗ್ರೇಡ್‌ಗಳಲ್ಲಿ ಇದೇ ಅತ್ಯಂತ ಉಪಯೋಗದ್ದು, ಯಾರ ಕಣ್ಣಿಗೂ ಕಾಣಲ್ಲ ಆದ್ರೆ ಮಷೀನ್ ಮುಟ್ಟಿದ್ರೆ ತಣ್ಣಗಿರತ್ತೆ, ಒರಿಜಿನಲ್ ಯುಎಲ್‌ಎ ತಯಾರಾಗದೇ ಇರೋ ಈ ಕಾಲದಲ್ಲಿ ಅದಕ್ಕೆ ಬಿಸಿ ತಗಲ್ದೇ ಇರೋದು ದೊಡ್ಡ ವಿಷಯ. ಯುಎಲ್‌ಎ ಮೇಲೆ ಒಂದು ಪುಟ್ಟ ಹೀಟ್‌ಸಿಂಕ್ ಅಂಟಿಸ್ರಿ, ಖರ್ಚು ಏನೂ ಇಲ್ಲ.

ಕೆಪ್ಯಾಸಿಟರ್‌ಗಳು ಆಮೇಲೆ. ಇದರಲ್ಲಿರೋದು ಎರಡೂ ತುದಿಗೆ ಕಾಲಿರೋ ಮಲಗಿಸಿ ಹಾಕೋ ಥರದ ಎಲೆಕ್ಟ್ರೋಲಿಟಿಕ್, ಹೆಚ್ಚಿನವು 22 ಮೈಕ್ರೋಫ್ಯಾರಡ್ 16 ವೋಲ್ಟ್, 100ರದ್ದು ಮತ್ತೆ ಒಂದೆರಡು ಚಿಕ್ಕವು ಇರತ್ತೆ. ನಲವತ್ತು ವರ್ಷ ಆದ್ಮೇಲೆ ಒಣಗಿರತ್ತೆ, ಎಲ್ಲಾ ಬದಲಾಯಿಸೋದೇ ಒಳ್ಳೇದು, 16 ವೋಲ್ಟ್ ಜಾಗಕ್ಕೆ 25 ವೋಲ್ಟಿಂದು ಹಾಕಿ. ಮಲಗಿಸೋ ಥರದ್ದು ಬೆಂಗಳೂರಿನ ಎಸ್‌ಪಿ ರೋಡಲ್ಲಿ ಎಲ್ಲಾ ಅಂಗಡೀಲೂ ಸಿಗಲ್ಲ, ಸುತ್ತಾಡಬೇಕು, ಸಿಗದಿದ್ರೆ ನಿಂತ್ಕೊಳ್ಳೋದನ್ನೇ ಒಂದು ಕಾಲು ಉದ್ದ ಬಿಟ್ಟು ಸ್ಲೀವ್ ಹಾಕಿ ಮಲಗಿಸ್ಬಹುದು. ಒಂದು ತೆಗ್ದು ಒಂದು ಹಾಕಿ, ಎಲ್ಲಾ ಒಟ್ಟಿಗೆ ಕೀಳ್ಬೇಡಿ, ತೆಗೆಯೋ ಮುಂಚೆ ಫೋಟೋ ತಗೊಳ್ಳಿ, ಪ್ಲಸ್ ಮೈನಸ್ ಉಲ್ಟಾ ಆದ್ರೆ ಸಿಡಿಯತ್ತೆ. ಈ ಬೋರ್ಡಿನ ತಾಮ್ರದ ಪ್ಯಾಡ್‌ಗಳು ತುಂಬಾ ನಾಜೂಕು, ಸೋಲ್ಡರಿಂಗ್ ಐರನ್ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದ್ರೆ ಪ್ಯಾಡ್ ಎದ್ದು ಬರತ್ತೆ. ಹಳೇ ಸೋಲ್ಡರ್ ಮೇಲೆ ಸ್ವಲ್ಪ ಹೊಸಾ ಸೋಲ್ಡರ್ ಹಾಕಿ, ಫ್ಲಕ್ಸ್ ಹಚ್ಚಿ, ಆಮೇಲೆ ಪಂಪಲ್ಲಿ ಎಳೀರಿ, ಸಲೀಸಾಗಿ ಬರತ್ತೆ.

ಈಗ ವೋಲ್ಟೇಜ್ ಅಳೆಯೋದು. ಇದು ಬಿಟ್ಟು ಮುಂದೆ ಹೋಗಲೇಬೇಡಿ. ಕೆಳಗಿನ 16ಕೆ ಮೆಮರಿ ಐಸಿ6ರಿಂದ ಐಸಿ13ರ ತನಕ ಇರೋ ಎಂಟು 4116 ಚಿಪ್‌ಗಳು, ಇವುಕ್ಕೆ ಮೂರು ಥರ ವೋಲ್ಟೇಜ್ ಬೇಕು. ಮೀಟರಿನ ಕಪ್ಪು ಪ್ರೋಬ್ ಗ್ರೌಂಡಿಗೆ ಹಿಡ್ದು ಐಸಿ6ರ ಪಿನ್ 1 ನೋಡಿದ್ರೆ ಮೈನಸ್ 5 ಬರ್ಬೇಕು, ಪಿನ್ 8ರಲ್ಲಿ ಪ್ಲಸ್ 12, ಪಿನ್ 9ರಲ್ಲಿ ಪ್ಲಸ್ 5. ಪಿನ್ 16 ಗ್ರೌಂಡ್. ಪ್ರೋಬ್ ಜಾರಿ ಎರಡು ಪಿನ್ ಒಟ್ಟಿಗೆ ಮುಟ್ಟದ ಹಾಗೆ ನೋಡ್ಕೊಳ್ಳಿ, ಪಿನ್ 8ರ ಎದುರೇ ಪಿನ್ 9. 12 ಮತ್ತೆ ಮೈನಸ್ 5 ಎರಡನ್ನೂ ತಯಾರ್ ಮಾಡೋದು ಒಂದು ಕಾಯಿಲ್ ಮತ್ತೆ ಟಿಆರ್4, ಟಿಆರ್5 ಅನ್ನೋ ಎರಡು ಟ್ರಾನ್ಸಿಸ್ಟರ್. ಟಿಆರ್4 ಅಂದ್ರೆ ಝಡ್‌ಟಿಎಕ್ಸ್650, ಟಿಆರ್5 ಅಂದ್ರೆ ಝಡ್‌ಟಿಎಕ್ಸ್213, ಒಂದು ಹೋಗಿದ್ರೆ ಎರಡನ್ನೂ ಬದಲಾಯಿಸಿಬಿಡಿ. ಇಲ್ಲಿ ನೆನಪಿಡ್ಬೇಕಾದ್ದು, 4116ಗೆ ಮೈನಸ್ 5 ಇಲ್ಲದೆ 12 ಮಾತ್ರ ಬಂದ್ರೆ ಚಿಪ್ ಸಾಯತ್ತೆ. ಹಾಗಾಗಿ ಮೈನಸ್ 5 ಕಾಣ್ತಿಲ್ಲ ಅಂದ್ರೆ ತಕ್ಷಣ ಆಫ್ ಮಾಡಿ, ಇನ್ನೊಂದ್ಸಲ ನೋಡೋಣ ಇನ್ನೊಂದ್ಸಲ ನೋಡೋಣ ಅಂತ ಆನ್ ಮಾಡ್ತಾ ಕೂರ್ಬೇಡಿ.

ಮೂರೂ ಸರಿ ಬಂತು ಅಂದ್ಮೇಲೆ ಟೀವಿ. ಮೊದ್ಲೇ ಹೇಳಿದ್ನಲ್ಲ, ಒರಿಜಿನಲ್ ಔಟ್‌ಪುಟ್ ಆಂಟೆನಾ ಸಿಗ್ನಲ್. ಈಗಿನ ಕೆಲವು ಟೀವಿಲಿ ಅನಲಾಗ್ ಟ್ಯೂನ್ ಮಾಡಿದ್ರೆ ಬರತ್ತೆ, ಆದ್ರೆ ಮಂಜು ಮಂಜು. ಅದಕ್ಕೆ ಕಾಂಪೊಸಿಟ್ ಮಾಡ್ ಅನ್ನೋ ಬದಲಾವಣೆ ಮಾಡ್ತಾರೆ, ಹಳದಿ ಜ್ಯಾಕಿಗೆ ನೇರವಾಗಿ ಹೋಗೋ ವಿಡಿಯೋ. ಹಿಂದ್ಗಡೆ ಮೂಲೇಲಿ ಬೆಳ್ಳಿ ಬಣ್ಣದ ಡಬ್ಬಿ ಇದೆಯಲ್ಲ ಅದು ಮಾಡ್ಯುಲೇಟರ್, ಚಿತ್ರನ ಆಂಟೆನಾ ಸಿಗ್ನಲ್ ಮಾಡೋದು ಅದೇ, ಅದರ ತಗಡಿನ ಮುಚ್ಚಳ ಎತ್ತಿದ್ರೆ ತೆಗೀಬಹುದು. ಬೋರ್ಡಿಂದ ಅದರ ಪಕ್ಕಕ್ಕೆ ಎರಡು ವೈರ್ ಹೋಗತ್ತೆ. ಆನ್ ಮಾಡಿ ಅಳೀರಿ, ಸ್ಥಿರವಾಗಿ 5 ವೋಲ್ಟ್ ಇರೋದು ಪವರ್, ಇನ್ನೊಂದು ವಿಡಿಯೋ. ಆಫ್ ಮಾಡಿ ಎರಡನ್ನೂ ಮಾಡ್ಯುಲೇಟರಿಂದ ಬಿಡಿಸಿ, ಪವರ್ ವೈರಿನ ತುದಿಗೆ ಸ್ಲೀವ್ ಹಾಕಿ ಪಕ್ಕಕ್ಕಿಡಿ. ಡಬ್ಬಿಯೊಳಗೆ ಜ್ಯಾಕಿನ ಮಧ್ಯದ ಪಿನ್ನಿಗೆ ಬಂದಿರೋ ರೆಸಿಸ್ಟರಿನ ಕಾಲು ಬಿಡಿಸಿ, ಆ ಪಿನ್ನಿಗೆ ವಿಡಿಯೋ ವೈರನ್ನ 100 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮೂಲಕ ಜೋಡ್ಸಿ, ಪ್ಲಸ್ ಬೋರ್ಡ್ ಕಡೆ, ಮೈನಸ್ ಜ್ಯಾಕ್ ಕಡೆ. ಅಷ್ಟೆ. ಏನೂ ಕತ್ತರಿಸಿಲ್ಲ, ನಾಳೆ ಯಾರಾದ್ರೂ ಮೊದಲಿನ ಹಾಗೆ ಮಾಡ್ಬೇಕು ಅಂದ್ರೆ ಹತ್ತು ನಿಮಿಷದ ಕೆಲಸ. ಕೇಸಿಗೆ ಹೊಸಾ ತೂತು ಕೊರೆದು ಎಚ್‌ಡಿಎಂಐ ಗಿಚ್‌ಡಿಎಂಐ ಹಾಕೋರಿದಾರೆ, ನನಗೆ ಮನಸ್ಸು ಬರಲ್ಲ, ಈ ಕೇಸ್ ಮತ್ತೆ ಹುಟ್ಟಲ್ಲ.

ಟೀವಿಲಿ ಹಳದಿ ಜ್ಯಾಕ್ ಇಲ್ಲ ಅಂದ್ರೆ ಕಾಂಪೊಸಿಟಿಂದ ಎಚ್‌ಡಿಎಂಐಗೆ ಬದಲಾಯಿಸೋ ಪುಟ್ಟ ಡಬ್ಬಿ ಸಿಗತ್ತೆ, ಆದ್ರೆ ಎಲ್ಲಾ ಡಬ್ಬಿನೂ ಸ್ಪೆಕ್ಟ್ರಮ್ ಒಪ್ಪಲ್ಲ. ಸ್ಪೆಕ್ಟ್ರಮ್ ಒಂದು ಫ್ರೇಮಿಗೆ 312 ಗೆರೆ, ಇಂಟರ್‌ಲೇಸ್ ಇಲ್ಲ, ಸೆಕೆಂಡಿಗೆ 50ಕ್ಕಿಂತ ಕೂದಲೆಳೆ ಜಾಸ್ತಿ. ಮಾಮೂಲಿ ಪಾಲ್ ಟೀವಿ ಸಿಗ್ನಲ್ಲಿಗಿಂತ ಸ್ವಲ್ಪ ಬೇರೆ, ಕೆಲವು ಡಬ್ಬಿಗಳು ಇದನ್ನ ನೋಡಿ ಕಪ್ಪು ಬಿಳುಪು ತೋರಿಸ್ತವೆ ಇಲ್ಲಾ ಚಿತ್ರಾನೇ ಕೊಡಲ್ಲ. ವಾಪಸ್ ಕೊಡಬಹುದಾದ ಜಾಗದಲ್ಲಿ ತಗೊಳ್ಳಿ. ಚಿತ್ರ ಬರ್ದಿದ್ರೆ ಮೊದ್ಲು ಡಬ್ಬಿ ಮೇಲೆ ಅನುಮಾನ ಪಡಿ, ಮಷೀನ್ ಮೇಲೆ ಅಲ್ಲ. ಸಾಧ್ಯ ಆದ್ರೆ ಯಾರ ಮನೇಲಾದ್ರೂ ಇರೋ ಹಳೇ ಪಿಕ್ಚರ್ ಟ್ಯೂಬ್ ಟೀವಿಲಿ ನೋಡಿ, ಅದರಲ್ಲಿ ಸ್ಪೆಕ್ಟ್ರಮ್ ಬಣ್ಣಗಳು ಕಾಣೋ ಚೆಂದಾನೇ ಬೇರೆ.

ಆನ್ ಮಾಡಿದ ಕೂಡಲೇ ಪರದೆ ಕಪ್ಪಾಗಿ, ಒಂದು ಕ್ಷಣ ಮೆಮರಿ ಪರೀಕ್ಷೆ ಮಾಡಿ, ಬಿಳಿ ಪರದೆ ಕೆಳಗೆ 1982 ಸಿಂಕ್ಲೇರ್ ರಿಸರ್ಚ್ ಅನ್ನೋ ಸಾಲು ಬಂದ್ರೆ ನೀವು ಗೆದ್ರಿ. ನಮ್ಮ ಚಿಕ್ಕಪ್ಪನ ಮಷೀನಲ್ಲಿ ಆ ಸಾಲು ಬಂದ ದಿನ ಅವರಿಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ, ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ ಅವರು.

ಸಾಲು ಬರ್ದೇ ಬಣ್ಣದ ಚೌಕಗಳು, ಪಟ್ಟೆಗಳು ಬಂದು ನಿಂತ್ಕೊಂಡ್ರೆ ಬಹುಮಟ್ಟಿಗೆ ಕೆಳಗಿನ 16ಕೆ ಮೆಮರಿ ಹೋಗಿದೆ ಅಂತ. ಎಂಟು ಚಿಪ್ ಮೇಲೂ ಬೆರಳಿಟ್ಟು ನೋಡಿ, ಒಂದು ಮಾತ್ರ ಸುಡ್ತಾ ಇದ್ರೆ ಅದೇ ಕಳ್ಳ. ಬಿಸಿ ಇಲ್ದೇ ಇದ್ರೆ ಒಂದು ಒಳ್ಳೇ 4116 ತಗೊಂಡು, ಪವರ್ ಆಫ್ ಮಾಡಿ, ಒಂದೊಂದರ ಮೇಲೂ ಕಾಲಿಗೆ ಕಾಲು ಕೂರೋ ಹಾಗೆ ಸವಾರಿ ಮಾಡ್ಸಿ ಆನ್ ಮಾಡಿ, ಚಿತ್ರ ಬದಲಾದ್ರೆ ಕೆಳಗಿರೋ ಚಿಪ್ ಸತ್ತಿದೆ. ಒಳಗೇ ಶಾರ್ಟ್ ಆಗಿದ್ರೆ ಈ ಉಪಾಯ ನಡ್ಯಲ್ಲ. ಚಿಪ್ ತೆಗೆಯೋವಾಗ ಇಡೀ ಚಿಪ್ ಉಳಿಸ್ಕೊಳ್ಳೋ ಆಸೆ ಬೇಡ, ಕಾಲುಗಳನ್ನ ಕಟ್ಟರಲ್ಲಿ ಕತ್ತರಿಸಿ, ಒಂದೊಂದೇ ಕಾಲು ಬಿಸಿ ಮಾಡಿ ತೆಗೀರಿ, ಆಮೇಲೆ ಸಾಕೆಟ್ ಹಾಕಿ. ಬೋರ್ಡ್ ಮುಖ್ಯ, ಸತ್ತ ಚಿಪ್ ಅಲ್ಲ.

ಹಳೇ 4116 ಈಗ ಸಿಗೋದು ಬರೀ ಹಳೇ ಸ್ಟಾಕ್, ಹತ್ತು ತರಿಸಿದ್ರೆ ಎಲ್ಲಾ ಒಳ್ಳೇದೇ ಇರತ್ತೆ ಅಂತ ಗ್ಯಾರಂಟಿ ಇಲ್ಲ. ಒಬ್ಬ ಮಾರಾಟಗಾರರ ಹತ್ರ ನಾನು ತಗೊಂಡ ಎಂಟರಲ್ಲಿ ಮೂರು ಸತ್ತಿದ್ವು. ಇದಕ್ಕಿಂತ ಒಳ್ಳೇ ದಾರಿ ಅಂದ್ರೆ ಎಂಟೂ ಜಾಗಕ್ಕೆ ಕೂರೋ ಹೊಸಾ ಮೆಮರಿ ಮಾಡ್ಯೂಲ್, ಅಥವಾ 4164 ಚಿಪ್. 4164ಗೆ 5 ವೋಲ್ಟ್ ಒಂದೇ ಸಾಕು, ಆದ್ರೆ ಅದು ಪಿನ್ 8ರಲ್ಲಿ ಬೇಕು, ಅಲ್ಲಿ ಬೋರ್ಡ್ ಕೊಡ್ತಿರೋದು 12. ಪಿನ್ 9 ಇದರಲ್ಲಿ ಅಡ್ರೆಸ್ ಲೈನ್. ಹಾಗೇ ಸುಮ್ಮನೆ ಸಿಕ್ಕಿಸಿದ್ರೆ ಸುಟ್ಟುಹೋಗತ್ತೆ, ಮೊದ್ಲು ಮೆಮರಿ ಜಾಗದ 12 ಮತ್ತೆ ಮೈನಸ್ 5 ಲೈನ್ ಬೇರ್ಪಡಿಸಿ, ಪಿನ್ 8ಕ್ಕೆ 5 ವೋಲ್ಟ್ ತಂದು, ಎಂಟೂ ಚಿಪ್ಪಿಗೆ ಒಟ್ಟಿಗೆ ಮಾಡ್ಬೇಕು, ನಾಲ್ಕು ಹಳೇದು ನಾಲ್ಕು ಹೊಸದು ಅಂತ ಬೆರೆಸೋಕಾಗಲ್ಲ. ಮೊದಲ ರಿಪೇರಿಯಲ್ಲೇ ಇದಕ್ಕೆ ಕೈ ಹಾಕ್ಬೇಡಿ ಅಂತ ನನ್ನ ಸಲಹೆ.

ಇನ್ನು 16ಕೆ ಮಷೀನನ್ನ 48ಕೆ ಮಾಡೋದು, ನನಗೆ ತುಂಬಾ ಖುಷಿ ಕೊಡೋ ಕೆಲಸ ಇದು. ನಿಮ್ದು ಎಷ್ಟು ಅಂತ ತಿಳ್ಕೊಳ್ಳೋಕೆ ಬೇಸಿಕಲ್ಲಿ ಪ್ರಿಂಟ್ ಪೀಕ್ (PRINT PEEK) 23732 + 256 * ಪೀಕ್ 23733 ಅಂತ ಕೊಡಿ. 65535 ಬಂದ್ರೆ 48ಕೆ, 32767 ಬಂದ್ರೆ 16ಕೆ. ಹೊರಗೆ 48ಕೆ ಅಂತ ಬರ್ದಿದ್ದು ಇಲ್ಲಿ 32767 ಬಂದ್ರೆ ಗಾಬರಿ ಬೇಡ, ಮೇಲಿನ ಮೆಮರಿಲಿ ಎಲ್ಲೋ ತೊಂದ್ರೆ ಇದೆ, ಮಷೀನ್ ಪರೀಕ್ಷೆ ಮಾಡ್ತಾ ಬಂದು ಕೆಟ್ಟ ಜಾಗ ಸಿಕ್ಕಿದ ಕೂಡ್ಲೇ ಅಲ್ಲಿಗೇ ನಿಲ್ಸಿ ಅಷ್ಟೇ ಮೆಮರಿ ಅಂತ ಕೆಲಸ ಶುರು ಮಾಡತ್ತೆ.

ಇಶ್ಯೂ 2 ಮತ್ತೆ ಅದಕ್ಕಿಂತ ಹೊಸಾ 16ಕೆ ಬೋರ್ಡ್ ಆದ್ರೆ ಐಸಿ15ರಿಂದ 26ರ ತನಕದ ಜಾಗ ಖಾಲಿ ಇರತ್ತೆ, ಕೆಲವಲ್ಲಿ ಸಾಕೆಟ್ ಇದೆ ಕೆಲವಲ್ಲಿ ಬರೀ ತೂತು. ಐಸಿ15ರಿಂದ 22 ಎಂಟು ಮೆಮರಿ ಚಿಪ್, ಐಸಿ23ಕ್ಕೆ 74ಎಲ್‌ಎಸ್32, ಐಸಿ24ಕ್ಕೆ 74ಎಲ್‌ಎಸ್00, ಐಸಿ25, 26ಕ್ಕೆ 74ಎಲ್‌ಎಸ್157. ಈ ನಾಲ್ಕು ಲಾಜಿಕ್ ಐಸಿ ಇವತ್ತಿಗೂ ಎಸ್‌ಪಿ ರೋಡಲ್ಲಿ ಚಿಲ್ಲರೆ ಕಾಸಿಗೆ ಸಿಗತ್ತೆ. ಮೆಮರಿಗೆ ಆ ಕಾಲದ ಅರ್ಧ ಕೆಟ್ಟ 4532 ಹುಡುಕೋ ಅಗತ್ಯ ಇಲ್ಲ, ಪೂರ್ತಿ ಒಳ್ಳೇ 4164 ಹಾಕಿ, ಇಲ್ಲಿ ಬೋರ್ಡ್ 5 ವೋಲ್ಟೇ ಕೊಡೋದು ಹಾಗಾಗಿ ಕೆಳಗಿನ ಮೆಮರಿ ಥರ ಏನೂ ಕತ್ತರಿಸ್ಬೇಕಾಗಿಲ್ಲ. ಆದ್ರೆ ಎರಡು ವಿಷಯ. ಒಂದು, ಚಿಪ್ಪಿನ ಡೇಟಾಶೀಟ್ ನೋಡಿ 128 ಸೈಕಲ್ ರಿಫ್ರೆಶ್ ಇರೋದೇ ತಗೊಳ್ಳಿ, ರಿಫ್ರೆಶ್ ಅಂದ್ರೆ ಚಿಪ್ ಮರೀದ ಹಾಗೆ ಆಗಾಗ ನೆನಪಿಸ್ತಾ ಇರೋದು, ಝಡ್80ಯ ರಿಫ್ರೆಶ್ ಕೌಂಟರ್ ಏಳೇ ಬಿಟ್, 128ರ ತನಕ ಮಾತ್ರ ಎಣಿಸತ್ತೆ, 256 ಸೈಕಲ್ ಬೇಕಾಗೋ 4164 ಹಾಕಿದ್ರೆ ಆನ್ ಆದಾಗ 48ಕೆ ತೋರಿಸಿ ಆಮೇಲೆ ಮರೀತಾ ಹೋಗಬಹುದು, ಗೇಮ್ ಮಧ್ಯದಲ್ಲಿ ನಿಲ್ಲತ್ತೆ, ಕಾರಣ ಹುಡುಕೋಕೆ ನನಗೆ ಒಂದು ವಾರ ಹಿಡೀತು. ಎರಡು, ಮೊದ್ಲು ಹೇಳಿದ ಲಿಂಕ್. ಯಾವ ಅರ್ಧ ಒಳ್ಳೇದು ಅಂತ ಆರಿಸೋ ತಂತಿ ಅದು. 4164ರಲ್ಲಿ ಎರಡೂ ಅರ್ಧ ಒಳ್ಳೇದೇ, ಹಾಗಾಗಿ ಯಾವ ಕಡೆ ಹಾಕಿದ್ರೂ ನಡ್ಯತ್ತೆ, ಆದ್ರೆ ಹಾಕ್ದೇ ಖಾಲಿ ಮಾತ್ರ ಬಿಡ್ಬೇಡಿ. ಚಿಪ್ಪಿನ ಕಚ್ಚು ಯಾವ ಕಡೆ ಅಂತ ಬೋರ್ಡಿನ ಗುರುತು ನೋಡಿ ಕೂರಿಸಿ, ಆನ್ ಮಾಡಿ ಮತ್ತೆ ಅದೇ ಪೀಕ್ ಕೊಡಿ, 65535 ನೋಡೋ ಸುಖ ಅನುಭವಿಸ್ರಿ.

ಮೆಂಬ್ರೇನ್ ವಿಷಯ ಚಿಕ್ಕದು. ಒಂದೊಂದು ಕೀಲಿ ಅಲ್ಲ, ಐದೈದು ಕೀಲಿಗಳ ಗುಂಪೇ ಸತ್ತಿದ್ರೆ ಪಟ್ಟಿ ಸೀಳಿದೆ ಅಂತ ಅರ್ಥ. ಸೀಳು ತುದೀಲಿದ್ದು ಪಟ್ಟಿ ಉದ್ದ ಸಾಕಾಗತ್ತೆ ಅಂದ್ರೆ ತುದಿನ ಕೆಲವು ಮಿಲಿಮೀಟರ್ ನೇರವಾಗಿ ಕತ್ತರಿಸಿ ಮತ್ತೆ ಸಿಕ್ಕಿಸ್ಬಹುದು, ಅದು ತಾತ್ಕಾಲಿಕ. ಹೊಸಾ ಮೆಂಬ್ರೇನ್ ಈಗಲೂ ತಯಾರಾಗ್ತಿದೆ, ಹೊರದೇಶದಿಂದ ತರಿಸ್ಬೇಕು, ಆರ್ಡರ್ ಮಾಡೋವಾಗ ರಬ್ಬರ್ ಮಾಡೆಲ್ಲಾ ಪ್ಲಸ್ ಮಾಡೆಲ್ಲಾ ಅಂತ ಸರಿಯಾಗಿ ಹೇಳಿ, ಎರಡೂ ಬೇರೆ ಬೇರೆ, ಡಿಬಿ ಸ್ಪೆಕ್ಟ್ರಮ್ ಇರೋರು ಪ್ಲಸ್‌ದು ಕೇಳ್ಬೇಕು. ರಬ್ಬರ್ ಮಾಡೆಲಲ್ಲಿ ಮೇಲಿನ ಕಪ್ಪು ತಗಡು ಡಬಲ್ ಸೈಡ್ ಟೇಪಲ್ಲಿ ಅಂಟಿರತ್ತೆ, ಹೇರ್ ಡ್ರೈಯರಲ್ಲಿ ಬಿಸಿ ಮಾಡ್ತಾ ಮಾಡ್ತಾ ತೆಳ್ಳಗಿನ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಬಿಡಿಸ್ರಿ, ಅವಸರ ಮಾಡಿದ್ರೆ ತಗಡು ಬಾಗತ್ತೆ, ಒಮ್ಮೆ ಬಾಗಿದ್ರೆ ಆ ಗುರುತು ಹೋಗಲ್ಲ.

ಇಷ್ಟಾದ್ಮೇಲೆ ಗೇಮು ಲೋಡ್ ಮಾಡೋದು. ಕ್ಯಾಸೆಟ್ ಪ್ಲೇಯರ್ ಬೇಕಾಗಿಲ್ಲ, ಫೋನಿಂದಾನೇ ಆಗತ್ತೆ. ಟೇಪ್ ಫೈಲನ್ನ ಆಡಿಯೋ ಮಾಡೋ ಆಪ್ ಹಾಕ್ಕೊಂಡು, ಫೋನಿನ ಹೆಡ್‌ಫೋನ್ ಜ್ಯಾಕಿಂದ ಹಿಂದಿನ ಇಯರ್ ಅನ್ನೋ ಸಾಕೆಟ್ಟಿಗೆ ವೈರ್ ಹಾಕಿ. ಸ್ಪೆಕ್ಟ್ರಮ್ ಸಾಕೆಟ್ ಮೋನೋ, ಹಾಗಾಗಿ ಮೋನೋ ಕೇಬಲ್ ಇದ್ರೆ ಒಳ್ಳೇದು. ಜೆ ಕೀಲಿ ಒತ್ತಿದ್ರೆ ಲೋಡ್ ಅಂತ ಪೂರ್ತಿ ಪದಾನೇ ಬರತ್ತೆ, ಆಮೇಲೆ ಸಿಂಬಲ್ ಶಿಫ್ಟ್ ಹಿಡ್ದು ಪಿ ಎರಡು ಸಲ, ಎಂಟರ್. ಫೋನ್ ವಾಲ್ಯೂಮ್ ಹೆಚ್ಚುಕಮ್ಮಿ ಪೂರ್ತಿ, ಈಕ್ವಲೈಸರ್ ಆಫ್, ಮೆಸೇಜ್ ಸದ್ದುಗಳೂ ಆಫ್, ಮಧ್ಯದಲ್ಲಿ ಒಂದು ಟಿಣ್ ಬಂದ್ರೂ ಲೋಡಿಂಗ್ ಎರರ್. ಅಂಚಲ್ಲಿ ಕೆಂಪು ಮತ್ತೆ ತಿಳಿನೀಲಿ ಪಟ್ಟೆ ನಿಧಾನಕ್ಕೆ ಓಡಿದ್ರೆ ಮಷೀನ್ ಸಿಗ್ನಲ್ ಹಿಡಿದಿದೆ, ಆಮೇಲೆ ನೀಲಿ ಹಳದಿ ತೆಳು ಪಟ್ಟೆ ಬಂದ್ರೆ ಡೇಟಾ ಬರ್ತಿದೆ. ಪಟ್ಟೆ ಬರ್ತಿದ್ದು ಲೋಡ್ ಆಗ್ತಿಲ್ಲ ಅಂದ್ರೆ ವಾಲ್ಯೂಮ್ ಒಂದೊಂದೇ ಹೆಜ್ಜೆ ಏರಿಳಿಸಿ. ಸೆಕೆಂಡಿಗೆ ಸುಮಾರು 1500 ಬಿಟ್ ವೇಗ, 48ಕೆ ತುಂಬೋ ಗೇಮಿಗೆ ನಾಲ್ಕೈದು ನಿಮಿಷ. ನಮ್ಮ ಮಗಳಿಗೆ ಆ ಪಟ್ಟೆ ನೋಡೋದೇ ಆಟಕ್ಕಿಂತ ಇಷ್ಟ.

ಕಾಯೋಕೆ ಇಷ್ಟ ಇಲ್ದೋರಿಗೆ ಡಿವ್‌ಎಂಎಂಸಿ ಥರದ ಇಂಟರ್‌ಫೇಸ್, ಹಿಂದಿನ ಎಡ್ಜ್ ಕನೆಕ್ಟರಿಗೆ ಸಿಕ್ಕಿಸೋದು, ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಎಸ್‌ಡಿ ಕಾರ್ಡಿಗೆ ಆ ಇಂಟರ್‌ಫೇಸ್ ನಡೆಸೋ ಎಸ್‌ಎಕ್ಸ್‌ಡಾಸ್ (esxDOS) ಸಾಫ್ಟ್‌ವೇರ್ ಫೈಲ್‌ಗಳನ್ನ ಕಾಪಿ ಮಾಡ್ಕೊಂಡು ಜೊತೆಗೆ ನಿಮ್ಮ ಗೇಮ್‌ಗಳನ್ನ ಹಾಕಿ, ಬಟನ್ ಒತ್ತಿದ್ರೆ ಪಟ್ಟಿ ಬರತ್ತೆ, ಗೇಮ್ ಕ್ಷಣದಲ್ಲಿ ಬರತ್ತೆ. ಕೆಂಪ್ಸ್ಟನ್ ಜಾಯ್‌ಸ್ಟಿಕ್ ಪೋರ್ಟೂ ಇರೋದು ತಗೊಂಡ್ರೆ ಎರಡು ಕೆಲಸ ಒಂದರಲ್ಲೇ ಆಗತ್ತೆ. ಸಿಕ್ಕಿಸೋ ಮುಂಚೆ ಎಡ್ಜ್ ಕನೆಕ್ಟರಿನ ಎರಡೂ ಬದಿನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಬಟ್ಟೆ ಅದ್ದಿ ಕಪ್ಪು ಹೋಗೋ ತನಕ ಒರೆಸಿ. ಮತ್ತೆ ಪವರ್ ಇರೋವಾಗ ಅದನ್ನ ಯಾವತ್ತೂ ಸಿಕ್ಕಿಸ್ಬೇಡಿ ಕೀಳ್ಬೇಡಿ, ಆ ಕನೆಕ್ಟರಲ್ಲಿ 5, 9, 12, ಮೈನಸ್ 5 ಎಲ್ಲಾ ಇದೆ, ಸ್ವಲ್ಪ ಓರೆ ಆದ್ರೂ ಟಿಆರ್4 ಜೊತೆ ಮೆಮರಿ ಸುಟ್ಟು ಮತ್ತೆ ಮೊದಲಿಂದ ಶುರು. ಸ್ಪೆಕ್ಟ್ರಮ್‌ಗೆ ಆನ್ ಆಫ್ ಸ್ವಿಚ್ಚೇ ಇಲ್ಲ, ಅದಕ್ಕೆ ನಾನು ಅಡಾಪ್ಟರ್ ವೈರಿನ ಮಧ್ಯೆ ಒಂದು ಸ್ವಿಚ್ ಹಾಕ್ಕೊಂಡಿದೀನಿ, ಪವರ್ ಪಿನ್ ಪದೇ ಪದೇ ಕಿತ್ತು ಸಾಕೆಟ್ ಸಡಿಲ ಆಗೋದೂ ತಪ್ಪತ್ತೆ.

ಮುಚ್ಚಳ ಹಾಕೋ ಮುಂಚೆ ಎರಡು ಗಂಟೆ ಆನ್ ಇಟ್ಟು ಬಿಡಿ, ಆಮೇಲೆ ಮೂರೂ ವೋಲ್ಟೇಜ್ ಇನ್ನೊಂದ್ಸಲ ಅಳೀರಿ. ತೆಗ್ದ 7805, ಕೆಪ್ಯಾಸಿಟರ್, ಬಿಡಿಸಿದ ಸ್ಕ್ರೂಗಳನ್ನೆಲ್ಲ ನಾನು ಒಂದು ಜಿಪ್ ಕವರಲ್ಲಿ ಹಾಕಿ, ಯಾವ ತಾರೀಖು ಏನು ಬದಲಾಯಿಸ್ದೆ, ಯಾವ ವೈರ್ ಎಲ್ಲಿಂದ ಬಿಡಿಸ್ದೆ ಅಂತ ಚೀಟಿ ಬರ್ದು ಮಷೀನ್ ಡಬ್ಬಿ ಜೊತೆಗೇ ಇಡ್ತೀನಿ. ಮುಂದೆ ಇದನ್ನ ಬಿಚ್ಚೋದು ನಾನೇ ಆಗಿರ್ಬೇಕು ಅಂತೇನಿಲ್ಲವಲ್ಲ.